ಅಗೋಚರವನ್ನು ಅರಸಿದ ವಿದುಷಿ

ಶಿರಸಿ, ಸಿದ್ಧಾಪುರ, ಯಲ್ಲಾಪುರಗಳ ಕಾಡುಕಣಿವೆಗಳಲ್ಲಿ ನಿಂತು ಕೂಗಿದರೆ ಎದುರಿನ ಗುಡ್ಡವು ಮರುದನಿ ಕೊಡುತ್ತದೆ. ದನಿ ಮರಳಲು ಹಿಡಿದ ಹೊತ್ತಿನಿಂದ ಗುಡ್ಡದ ದೂರವನ್ನು ಎಣಿಸಬಹುದು. ರೇಡಾರ್ ಯಂತ್ರದ ಮೂಲತತ್ತ್ವವೂ ಇದೇ. ಅದು ರೇಡಿಯೋ ತರಂಗಗಳನ್ನು ಕಳುಹಿಸಿ, ವಸ್ತುವಿಗೆ ತಾಗಿ ಹಿಂದಿರುಗಿದುದನ್ನು ಗ್ರಹಿಸುತ್ತದೆ. ಇಂತಹ ಯಂತ್ರಗಳಿಗೆ ಆಧಾರವಾದ ಸೂಕ್ಷ್ಮತರಂಗ ವಿಜ್ಞಾನಕ್ಕೆ ನಮ್ಮ ನಾಡಿನಲ್ಲಿ ತಳಹದಿ ಹಾಕಿದವರಲ್ಲಿ ಡಾ. ರಾಜೇಶ್ವರಿ ಚಟರ್ಜಿಯವರು ಅಗ್ರಗಣ್ಯರು.

ರಾಜೇಶ್ವರಿಯವರು 1922ರ ಜನವರಿ 24ರಂದು ಜನಿಸಿದರು. ತಂದೆ ಶಿವರಾಮಯ್ಯನವರು ನಂಜನಗೂಡಿನಲ್ಲಿ ವಕೀಲರಾಗಿದ್ದರು. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಅನಾಥೆಯರಾದ ವಿಧವೆಯರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಅವರು ಸ್ಥಾಪಿಸಿದ ಶಾಲೆಯಲ್ಲಿಯೇ ಮೊಮ್ಮಗಳ ಕಲಿಕೆ ಮೊದಲಾಯಿತು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ವ್ಯಾಸಂಗ ಮಾಡಿದ ರಾಜೇಶ್ವರಿಯವರು ಬಿ.ಎಸ್‌ಸಿ. ಆನರ್ಸ್ ಹಾಗೂ ಎಂ.ಎಸ್‌ಸಿ. ಪರೀಕ್ಷೆಗಳೆರಡರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮೊದಲಿಗರಾದರು.

ಸರ್ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಬೇಕೆಂಬುದು ಅವರ ಹಂಬಲವಾಗಿತ್ತು. ಭೌತಶಾಸ್ತ್ರದ ಪದವಿ ಇಲ್ಲದ ಕಾರಣ ಅದು ಕೈಗೂಡಲಿಲ್ಲ. ಅವರು ಎದೆಗುಂದದೆ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರವಿಜ್ಞಾನ ವಿಭಾಗವನ್ನು ಸೇರಿದರು. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು, ಒಂದು ತಿಂಗಳು ಸಮುದ್ರಯಾನ ಮಾಡಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. 1953ರಲ್ಲಿ ಡಾಕ್ಟರೇಟ್ ಪದವಿಯೊಡನೆ ಸ್ವದೇಶಕ್ಕೆ ಮರಳಿ, ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ವಿವಾಹವಾದುದೂ ಆ ವರ್ಷವೇ. ದಂಪತಿಗಳು ಕೂಡಿ ಅಲ್ಲಿ ಸೂಕ್ಷ್ಮತರಂಗ ಪ್ರಯೋಗಾಲಯವೊಂದನ್ನು ಕಟ್ಟಿ ಬೆಳೆಸಿದರು.

ಆಂಟೆನಾಗಳು ರಾಜೇಶ್ವರಿಯವರ ವಿಶೇಷ ಅಧ್ಯಯನದ ವಿಷಯ. ಆಂಟೆನಾ ರೇಡಾರಿನ ಬಾಯಿಯೂ ಹೌದು, ಕಿವಿಯೂ ಹೌದು. ಬಯಲಿನಲ್ಲಿ ಅದರ ಕೆಲಸ ಸುಲಭ. ನಗರದಲ್ಲಾದರೋ ಪ್ರತಿಯೊಂದು ಗೋಡೆಯೂ ಮರುದನಿ ಕೊಡುವುದರಿಂದ, ಬೇಕಾದುದು ಬೇಡವಾದುದರಲ್ಲಿ ಬೆರೆತುಹೋಗುತ್ತದೆ. ಈ ತರಂಗಗಳು ಲೋಹದ ತಗಡನ್ನು ದಾಟಲಾರವು; ಇಟ್ಟಿಗೆಯ ಗೋಡೆಯಲ್ಲಿ ಮಾತ್ರ ಅವುಗಳ ಒಂದು ಪಾಲು ನುಸುಳಿ ಹೋಗುತ್ತದೆ. ಗೋಡೆ ನಿಶ್ಚಲ, ಅದರ ಹಿಂದಿರುವ ಮನುಷ್ಯನ ಎದೆ ಉಸಿರಿನೊಡನೆ ಏರಿಳಿಯುತ್ತದೆ. ಬದಲಾಗದ ಮರುದನಿಯನ್ನು ಕಳೆದು, ಬದಲಾಗುವುದನ್ನು ಆರಿಸಿಕೊಂಡರೆ ಮರೆಯಲ್ಲಿರುವವನ ಸುಳಿವು ಸಿಗುತ್ತದೆ.

ಸೂಕ್ಷ್ಮತರಂಗ ವಿಜ್ಞಾನದ ಈ ಫಲವು ಮುಂದಿನ ತಲೆಮಾರಿನವರಿಂದ ಕೈಗೂಡಿತು. ಬೆಂಗಳೂರಿನ ಎಲ್‌ಆರ್‌ಡಿಇ ಸಂಸ್ಥೆಯು ಗೋಡೆಯಾಚೆಗೆ ನೋಡುವ ‘ದಿವ್ಯಚಕ್ಷು’ ಎಂಬ ರೇಡಾರನ್ನು ರೂಪಿಸಿತು. 2015ರ ನೇಪಾಳ ಭೂಕಂಪದಲ್ಲಿ, ಅಮೆರಿಕದಲ್ಲಿ ತಯಾರಾದ ಇಂತಹ ಯಂತ್ರವು ಎದೆಬಡಿತದ ಸುಳಿವು ಹಿಡಿದು, ಕಲ್ಲುಮಣ್ಣಿನಡಿ ಸಿಲುಕಿದ್ದ ನಾಲ್ವರ ಪ್ರಾಣ ಉಳಿಯಲು ನೆರವಾಯಿತು.

ರಾಜೇಶ್ವರಿಯವರು ವಿಭಾಗದ ಮುಖ್ಯಸ್ಥರಾಗಿ, 20 ಮಂದಿಯ ಡಾಕ್ಟರೇಟ್ ಸಂಶೋಧನೆಗೆ ಮಾರ್ಗದರ್ಶನ ನೀಡಿ, ನೂರಕ್ಕೂ ಹೆಚ್ಚು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು. 1982ರಲ್ಲಿ ನಿವೃತ್ತರಾದ ಮೇಲೆ, ಅಜ್ಜಿಯಂತೆಯೇ ಸ್ತ್ರೀಯರ ಏಳಿಗೆಯ ಕಾರ್ಯದಲ್ಲಿ ತೊಡಗಿದರು. 2010ರ ಸೆಪ್ಟೆಂಬರ್ 3ರಂದು ನಿಧನರಾದರು. ಒಂದು ಬಾಗಿಲು ಮುಚ್ಚಿದಾಗ ಮತ್ತೊಂದು ದಾರಿಯನ್ನು ಅರಸಿ ನಡೆದ ಈ ವಿದುಷಿಯ ಬಾಳು, ವಿದ್ಯೆಯನ್ನು ಬಯಸುವ ಪ್ರತಿಯೊಬ್ಬರಿಗೂ ಆದರ್ಶಪ್ರಾಯವಾದುದು.