ಮೀನಿನ ತೊಟ್ಟಿಗೆ ಗಿಡ ಹಾಕಿದರೆ ಸಾಕೇ? ಅರ್ಧ ಉತ್ತರ ಅಪ್ಪ ಕಂಡುಕೊಂಡರು, ಇನ್ನರ್ಧ ಮಗ

ಚಿಕ್ಕ ಗಾಜಿನ ತೊಟ್ಟಿ, ಒಳಗೆ ಹಸಿರು ಗಿಡ, ನಾಲ್ಕಾರು ಬಣ್ಣದ ಮೀನು. ಗಿಡ ಹಾಕಿಬಿಟ್ಟರೆ ಸಾಕು, ನೀರು ಬದಲಿಸುವುದೇ ಬೇಡ, ಎಲ್ಲವೂ ತಾನಾಗಿಯೇ ನಡೆದುಕೊಂಡು ಹೋಗುತ್ತದೆ ಎನ್ನುವ ವಿಡಿಯೋಗಳು ನಮ್ಮ ಮೊಬೈಲ್‌ಗಳಲ್ಲಿ ಆಗಾಗ ಹರಿದಾಡುತ್ತವೆ. ಅದನ್ನು ನಂಬಿ ತೊಟ್ಟಿ, ಗಿಡ, ಮೀನು ಮೂರನ್ನೂ ಒಂದೇ ದಿನ ತಂದವರ ಮನೆಯಲ್ಲಿ ವಾರದೊಳಗೆ ಮೀನು ಹೊಟ್ಟೆ ಮೇಲಾಗಿ ತೇಲುವುದೂ ಅಷ್ಟೇ ಸಾಮಾನ್ಯ. ಮಕ್ಕಳು ಅಳುತ್ತಾರೆ, ದೊಡ್ಡವರು ಅಂಗಡಿಯವನನ್ನು ಬೈಯುತ್ತಾರೆ.

ಆ ಮಾತಿನಲ್ಲಿ ನಿಜವೆಷ್ಟು, ಸುಳ್ಳೆಷ್ಟು? ಇದನ್ನು ತಿಳಿಯಲು ನಾವು ಸುಮಾರು 175 ವರ್ಷ ಹಿಂದೆ ಹೋಗಿ ಲಂಡನ್ನಿನ ಒಬ್ಬ ರಸಾಯನ ವಿಜ್ಞಾನಿಯನ್ನು ಭೇಟಿಯಾಗಬೇಕು. ಅವರ ಹೆಸರು ರಾಬರ್ಟ್ ವಾರಿಂಗ್ಟನ್. ಗಿಡ ನೆಟ್ಟ ಸಿಹಿನೀರಿನ ಅಕ್ವೇರಿಯಂನ ಚರಿತ್ರೆ ಬರೆಯುವವರೆಲ್ಲ ಇವರ ಹೆಸರನ್ನು ಹೇಳಿಯೇ ಮುಂದೆ ಹೋಗುತ್ತಾರೆ.

ಬಿಯರ್ ಕಾರ್ಖಾನೆಯಿಂದ ಔಷಧ ಪ್ರಯೋಗಾಲಯಕ್ಕೆ

ವಾರಿಂಗ್ಟನ್ ಹುಟ್ಟಿದ್ದು 1807ರಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಶೀರ್‌ನೆಸ್ ಎಂಬ ಕಡಲತೀರದ ಊರಿನಲ್ಲಿ. ಹದಿನೈದರ ಹರೆಯದಲ್ಲೇ ಒಬ್ಬ ರಸಾಯನಶಾಸ್ತ್ರ ಉಪನ್ಯಾಸಕರ ಕೈಕೆಳಗೆ ಕೆಲಸ ಕಲಿಯಲು ಸೇರಿದರು. 1828ರಲ್ಲಿ ಲಂಡನ್ನಿನಲ್ಲಿ ಹೊಸ ವಿಶ್ವವಿದ್ಯಾಲಯ ತೆರೆದಾಗ ಅಲ್ಲಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಎಡ್ವರ್ಡ್ ಟರ್ನರ್ ಅವರಿಗೆ ಸಹಾಯಕರಾದರು. 1831ರಲ್ಲಿ ಒಂದು ದೊಡ್ಡ ಬಿಯರ್ ಕಾರ್ಖಾನೆಗೆ ರಸಾಯನ ತಜ್ಞರಾಗಿ ಸೇರಿ ಅಲ್ಲಿ ಹಲವು ವರ್ಷ ದುಡಿದರು.

ಅವರಿಗೆ ಜನರನ್ನು ಒಟ್ಟುಗೂಡಿಸುವ ಗುಣವೂ ಇತ್ತು. 1841ರಲ್ಲಿ ರಸಾಯನ ವಿಜ್ಞಾನಿಗಳನ್ನೆಲ್ಲ ಸಭೆಗೆ ಕರೆದು ಲಂಡನ್ನಿನ ಕೆಮಿಕಲ್ ಸೊಸೈಟಿ ಹುಟ್ಟಲು ಕಾರಣರಾದರು. ಮುಂದೆ ಹತ್ತು ವರ್ಷ ಅದರ ಕಾರ್ಯದರ್ಶಿಯಾಗಿದ್ದರು. ಇವತ್ತಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ ಬೇರು ಅಲ್ಲಿದೆ.

1842ರಲ್ಲಿ ಲಂಡನ್ನಿನ ಅಪಾತಿಕರೀಸ್ ಹಾಲ್‌ನ ಪ್ರಯೋಗಾಲಯದ ಹೊಣೆ ಅವರಿಗೆ ಬಂತು. ಅದು ಔಷಧ ತಯಾರಕರ ಸಂಘದ ಕಟ್ಟಡ. ಕೆಲಸವೂ ಅಲ್ಲೇ, ವಾಸವೂ ಅಲ್ಲೇ. ಎರಡೇ ವರ್ಷದಲ್ಲಿ ಅವರು ಒಂದು ಕಲಬೆರಕೆಯನ್ನು ಬಯಲಿಗೆಳೆದರು. ಇಂಗ್ಲೆಂಡಿನ ಅಂಗಡಿಗಳಲ್ಲಿ ಮಾರುತ್ತಿದ್ದ ಗ್ರೀನ್ ಟೀಯ ಚೆಂದದ ಬಣ್ಣ ಎಲೆಯದಲ್ಲ, ಮೇಲೆ ಬಳಿದ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣ ಮತ್ತು ಜಿಪ್ಸಂ ಪುಡಿಯದು ಎಂದು ತೋರಿಸಿಕೊಟ್ಟರು. ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ಹಾಗೆಯೇ ನಂಬುವ ಸ್ವಭಾವ ಅವರದಲ್ಲ. ಮುಂದೆ ಮೀನಿನ ತೊಟ್ಟಿಯ ಎದುರು ಕೂತಾಗಲೂ ಅವರು ಹಾಗೆಯೇ ಇದ್ದರು.

ಎರಡು ಮೀನು, ಒಂದು ಗಿಡ

ಗಿಡಗಳು ಕೆಟ್ಟ ಗಾಳಿಯನ್ನು ಸರಿಪಡಿಸುತ್ತವೆ ಎಂಬುದು ಆ ಹೊತ್ತಿಗೆ ಹೊಸ ಸುದ್ದಿಯಲ್ಲ. 1770ರ ದಶಕದಲ್ಲೇ ಜೋಸೆಫ್ ಪ್ರೀಸ್ಟ್ಲಿ ಪುದೀನ ಗಿಡವಿಟ್ಟು ಅದನ್ನು ತೋರಿಸಿದ್ದರು. ಅದಕ್ಕೆ ಬೆಳಕು ಬೇಕೇ ಬೇಕು ಎಂದು 1779ರಲ್ಲಿ ಯಾನ್ ಇಂಗೆನ್‌ಹೌಸ್ ಹೇಳಿದ್ದರು. ನಮ್ಮ ಶಾಲೆಗಳಲ್ಲಿ ಹೈಡ್ರಿಲ್ಲಾ ಗಿಡವನ್ನು ನೀರಿನ ಬೀಕರ್‌ನಲ್ಲಿಟ್ಟು ಗುಳ್ಳೆ ಏಳುವುದನ್ನು ತೋರಿಸುತ್ತಾರಲ್ಲ, ಅದೇ ಪಾಠ.

ಆದರೆ ಈ ಲೆಕ್ಕದಿಂದ ಮೀನನ್ನೂ ಗಿಡವನ್ನೂ ಒಂದೇ ನೀರಿನಲ್ಲಿ ತಿಂಗಳುಗಟ್ಟಲೆ ಬದುಕಿಸಬಹುದೇ? ವಾರಿಂಗ್ಟನ್ 1849ರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು.

ಅವರ ಪಾತ್ರೆ ಸುಮಾರು 12 ಗ್ಯಾಲನ್, ಅಂದರೆ 54 ಲೀಟರ್ ಹಿಡಿಯುವ ಗಾಜಿನದು. ಅದರಲ್ಲಿ ಅರ್ಧಕ್ಕೆ ಮಾತ್ರ ಒರತೆಯ ನೀರು ತುಂಬಿದರು. ತಳದಲ್ಲಿ ಮರಳು, ಕೆಸರು. ಬಿಸಿಲು ಹೆಚ್ಚಾದರೆ ಮೀನು ಮರೆಯಾಗಲೆಂದು ಕಲ್ಲಿನ ದಪ್ಪ ತುಂಡುಗಳು. ಲಂಡನ್ನಿನ ಹೊಗೆಯ ಮಸಿ ಬೀಳದಿರಲಿ ಎಂದು ಬಾಯಿಗೆ ತೆಳು ಬಟ್ಟೆ. ಒಳಗೆ ಎರಡು ಚಿಕ್ಕ ಗೋಲ್ಡ್‌ಫಿಶ್. ಜತೆಗೆ ವ್ಯಾಲಿಸ್ನೇರಿಯಾ ಎಂಬ ಜಲಸಸ್ಯ. ಉದ್ದನೆಯ ರಿಬ್ಬನ್ನಿನಂಥ ಎಲೆಯ ಈ ಗಿಡವನ್ನು ಇಂದಿಗೂ ಅಕ್ವೇರಿಯಂ ಅಂಗಡಿಗಳಲ್ಲಿ ಮಾರುತ್ತಾರೆ.

ಶುರುವಿನಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತು. ಆಮೇಲೆ ಗಿಡದ ಹಳೆಯ ಎಲೆಗಳು ಕೊಳೆಯತೊಡಗಿದವು. ನೀರು ಕದಡಿತು. ಗಾಜಿನ ಮೇಲೆಲ್ಲ ಹಸಿರು ಲೋಳೆ ಹಿಡಿಯಿತು, ಮೀನುಗಳಿಗೆ ಕಷ್ಟ ಶುರುವಾಯಿತು. ಇವತ್ತು ಮೊದಲ ಬಾರಿ ತೊಟ್ಟಿ ಇಟ್ಟವರ ಮನೆಯಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ.

ಬಸವನಹುಳು ಬಂದ ಮೇಲೆ

ಇಲ್ಲಿ ನಾವಾಗಿದ್ದರೆ ನೀರೆಲ್ಲ ಚೆಲ್ಲಿ, ತೊಟ್ಟಿ ತಿಕ್ಕಿ ತೊಳೆದು, ಹೊಸ ನೀರು ಹಾಕುತ್ತಿದ್ದೆವು. ವಾರಿಂಗ್ಟನ್ ಹಾಗೆ ಮಾಡಲಿಲ್ಲ. ಕೆರೆಯಲ್ಲಿ ಕೊಳೆತ ಎಲೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದರು. ಅದನ್ನು ತಿನ್ನುವ ಜೀವಿ ಒಂದಿರಬೇಕಲ್ಲ? ಐದಾರು ಕೆರೆ ಬಸವನಹುಳುಗಳನ್ನು ತಂದು ಒಳಗೆ ಬಿಟ್ಟರು. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ಮೇಯ್ದವು. ನೀರು ತಿಳಿಯಾಯಿತು, ಮೀನುಗಳು ಚೇತರಿಸಿಕೊಂಡವು. ಬಸವನಹುಳುಗಳ ಮೊಟ್ಟೆ, ಮರಿಗಳು ಮೀನಿಗೆ ಆಹಾರವೂ ಆದವು.

ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಗಿಡಕ್ಕೆ, ಗಿಡ ಬಿಟ್ಟ ಆಮ್ಲಜನಕ ಮೀನಿಗೆ, ಇಬ್ಬರ ಕಸ ಬಸವನಹುಳುವಿಗೆ. 1850ರಲ್ಲಿ ವಾರಿಂಗ್ಟನ್ ಈ ಹೊಂದಾಣಿಕೆಯನ್ನು ತಾವೇ ಕಟ್ಟಿದ ಕೆಮಿಕಲ್ ಸೊಸೈಟಿಯ ಎದುರು ಮಂಡಿಸಿದರು.

ಹಾಗೆಂದು ಅವರ ಅಳತೆಯನ್ನು ಇಂದು ಕಣ್ಣುಮುಚ್ಚಿ ಅನುಸರಿಸುವಂತಿಲ್ಲ. ಗೋಲ್ಡ್‌ಫಿಶ್ ದೊಡ್ಡದಾಗಿ ಬೆಳೆಯುವ, ಬಹಳ ಹೊಲಸು ಮಾಡುವ ಮೀನು. 27 ಲೀಟರ್ ನೀರು ಅದಕ್ಕೆ ಸಾಲದು ಎಂಬುದು ಇಂದಿನ ತಿಳಿವಳಿಕೆ.

ಮನೆಮನೆಗೂ ಗಾಜಿನ ತೊಟ್ಟಿ

1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಜನ ನೋಡಲು ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಹೆಸರೂ ಚಾಲ್ತಿಗೆ ಬಂತು. ವಾರಿಂಗ್ಟನ್ ಈ ಹೊತ್ತಿಗೆ ಸಮುದ್ರದ ನೀರಿನ ತೊಟ್ಟಿಗಳಲ್ಲೂ ಪ್ರಯೋಗ ನಡೆಸಿದ್ದರು. ಸ್ಥಿತಿವಂತರ ಮನೆಯ ಹಜಾರಗಳಿಗೆ ಗಾಜಿನ ತೊಟ್ಟಿ ಬಂದು ಕೂತಿತು. ಆದರೆ ಬಹಳ ಮನೆಗಳಲ್ಲಿ ಮೀನು ಬದುಕಲಿಲ್ಲ, 1860ರ ದಶಕದಲ್ಲಿ ಆ ಗೀಳು ತಣ್ಣಗಾಯಿತು. ಗಿಡವಿತ್ತು, ಬಸವನಹುಳು ಇತ್ತು, ಆದರೂ ಮೀನು ಸಾಯುತ್ತಿತ್ತು. ಏಕೆ?

ವಾರಿಂಗ್ಟನ್ ಅದಕ್ಕೆ ಉತ್ತರ ಸಿಗುವವರೆಗೆ ಬದುಕಿರಲಿಲ್ಲ. 1864ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, 1866ರಲ್ಲಿ ಅಪಾತಿಕರೀಸ್ ಹಾಲ್‌ನ ಕೆಲಸ ಬಿಟ್ಟರು, 1867ರ ನವೆಂಬರ್‌ನಲ್ಲಿ ಡೆವನ್ ಪ್ರಾಂತ್ಯದಲ್ಲಿ ತೀರಿಕೊಂಡರು.

ಅಪ್ಪನಿಗೆ ಕಾಣದ್ದು ಮಗನಿಗೆ ಕಂಡಿತು

ಅಪ್ಪ ಮೀನಿನ ತೊಟ್ಟಿ ಇಟ್ಟಾಗ ಮಗನಿಗೆ ಸುಮಾರು 11 ವರ್ಷ. ಅವನ ಹೆಸರೂ ರಾಬರ್ಟ್ ವಾರಿಂಗ್ಟನ್ನೇ. ಹುಟ್ಟಿದ್ದು 1838ರಲ್ಲಿ, ಬೆಳೆದದ್ದು ಅಪ್ಪನ ಪ್ರಯೋಗಾಲಯವಿದ್ದ ಅದೇ ಕಟ್ಟಡದಲ್ಲಿ, ರಸಾಯನಶಾಸ್ತ್ರ ಕಲಿತದ್ದೂ ಅಪ್ಪನ ಬಳಿಯೇ. ದೊಡ್ಡವರಾದ ಮೇಲೆ ಅವರು ಮೀನಿನ ಕಡೆ ಹೋಗಲಿಲ್ಲ, ಮಣ್ಣಿನ ಕಡೆ ಹೋದರು. 1876ರಲ್ಲಿ ರಾಥಮ್‌ಸ್ಟೆಡ್ ಎಂಬ ಪ್ರಸಿದ್ಧ ಕೃಷಿ ಸಂಶೋಧನಾ ಕೇಂದ್ರ ಸೇರಿದರು.

ಹೊಲಕ್ಕೆ ಹಾಕಿದ ಗೊಬ್ಬರದ ಅಮೋನಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಅದನ್ನು ಮಾಡುವುದು ಕಣ್ಣಿಗೆ ಕಾಣದ ಜೀವಿಗಳು ಎಂದು 1877ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ತೋರಿಸಿದ್ದರು. ಮಗ ವಾರಿಂಗ್ಟನ್ ಇದನ್ನು ವರ್ಷಾನುಗಟ್ಟಲೆ ಕೆದಕಿ, ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ ಎಂದು ಕಂಡುಕೊಂಡರು. ಒಂದು ಗುಂಪಿನ ಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸುವುದು ಮಾತ್ರ ಅವರಿಂದ ಆಗಲಿಲ್ಲ. 1890ರ ಹೊತ್ತಿಗೆ ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಅದನ್ನು ಸಾಧಿಸಿದರು.

ಅಪ್ಪನ ತೊಟ್ಟಿಯಲ್ಲಿ ಲೆಕ್ಕಕ್ಕೆ ಸಿಗದೇ ಇದ್ದದ್ದು ಇದೇ. ಮೀನು ಉಸಿರಾಟದ ಗಾಳಿಯನ್ನಷ್ಟೇ ಬಿಡುವುದಿಲ್ಲ, ಕಿವಿರುಗಳ ಮೂಲಕ ಅಮೋನಿಯಾವನ್ನೂ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾ ಬರುತ್ತದೆ. ಅದು ಮೀನಿನ ಕಿವಿರನ್ನು ಸುಡುವ ವಿಷ. ನೈಟ್ರೈಟ್ ಕೂಡ ವಿಷವೇ, ರಕ್ತವು ಆಮ್ಲಜನಕ ಹೊರುವುದನ್ನು ಅದು ತಡೆಯುತ್ತದೆ. ಕೊನೆಯ ನೈಟ್ರೇಟ್ ಮಾತ್ರ ಕಡಿಮೆ ಪ್ರಮಾಣದಲ್ಲಿ ಮೀನಿಗೆ ತೊಂದರೆ ಕೊಡುವುದಿಲ್ಲ, ಗಿಡಕ್ಕೆ ಗೊಬ್ಬರವೂ ಆಗುತ್ತದೆ.

ಹೊಸ ತೊಟ್ಟಿಯಲ್ಲಿ ಈ ಎರಡು ಗುಂಪಿನ ಬ್ಯಾಕ್ಟೀರಿಯಾ ಸಾಕಷ್ಟು ಇರುವುದಿಲ್ಲ. ಅವು ಮರಳು, ಕಲ್ಲು, ಫಿಲ್ಟರ್‌ನ ಸ್ಪಂಜಿನ ಮೇಲೆ ನಿಧಾನವಾಗಿ ನೆಲೆಯೂರಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಒಂದೇ ದಿನ ಎಲ್ಲವನ್ನೂ ತಂದವರ ಮೀನು ವಾರದಲ್ಲೇ ಸಾಯುವುದು ಈ ಕಾರಣಕ್ಕೆ. ನೀರು ನೋಡಲು ಕನ್ನಡಿಯಂತೆ ತಿಳಿಯಾಗಿರುತ್ತದೆ, ವಿಷ ಕಾಣಿಸುವುದಿಲ್ಲ. ಅಪ್ಪ ವಾರಿಂಗ್ಟನ್ ತೊಟ್ಟಿಗೆ ಹಾಕಿದ ಕೆಸರು, ಗಿಡ, ಬಸವನಹುಳುಗಳ ಜತೆ ಈ ಜೀವಿಗಳೂ ಬಂದು ಸೇರಿದ್ದಿರಬೇಕು. ಗಿಡವೂ ಒಂದಿಷ್ಟು ಅಮೋನಿಯಾವನ್ನು ನೇರವಾಗಿ ಹೀರಿಕೊಳ್ಳುತ್ತದೆ.

ಈ ಮನೆತನದ ಕಥೆ ಇಲ್ಲಿಗೇ ಮುಗಿಯಲಿಲ್ಲ. ಮಗ ವಾರಿಂಗ್ಟನ್ ಅವರ ಮಗಳು ಕ್ಯಾಥರೀನ್ ವಾರಿಂಗ್ಟನ್ ಕೂಡ ರಾಥಮ್‌ಸ್ಟೆಡ್‌ನಲ್ಲೇ ಸಸ್ಯವಿಜ್ಞಾನಿಯಾದರು. ಗಿಡಗಳ ಬೆಳವಣಿಗೆಗೆ ಅತ್ಯಲ್ಪ ಪ್ರಮಾಣದ ಬೋರಾನ್ ಅನಿವಾರ್ಯ ಎಂದು 1923ರಲ್ಲಿ ತೋರಿಸಿದರು. ಇಂದು ಜಲಸಸ್ಯಗಳಿಗೆಂದು ಮಾರುವ ದ್ರವ ಗೊಬ್ಬರಗಳಲ್ಲಿ ಬೋರಾನ್ ಇರುವುದುಂಟು.

ನಿಮ್ಮ ಮೊದಲ ತೊಟ್ಟಿಗೆ ಇದರಿಂದ ಏನು ಕಲಿಯಬಹುದು?

• ತೀರಾ ಚಿಕ್ಕ ಬೋಗುಣಿ ಬೇಡ. ನೀರು ಕಡಿಮೆಯಾದಷ್ಟೂ ವಿಷ ಬೇಗ ಏರುತ್ತದೆ, ಬಿಸಿಯೂ ಬೇಗ ಏರುತ್ತದೆ. 40ರಿಂದ 60 ಲೀಟರ್ ತೊಟ್ಟಿ ಹೊಸಬರಿಗೆ ಸುಲಭ.

• ಮೊದಲು ಮರಳು ಹಾಕಿ ಗಿಡ ನೆಡಿ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಬೇಗ ಬೆಳೆಯುತ್ತವೆ. ವ್ಯಾಲಿಸ್ನೇರಿಯಾದ ಬೇರು ಮಾತ್ರ ಮರಳಿನೊಳಗಿರಲಿ, ಎಲೆ ಹುಟ್ಟುವ ಬುಡ ಮುಚ್ಚಬಾರದು. ಶುರುವಿನಲ್ಲಿ ಹಳೆಯ ಎಲೆ ಕೊಳೆತರೆ ಗಾಬರಿಯಾಗದೆ ಕತ್ತರಿಸಿ ತೆಗೆಯಿರಿ.

• ನೇರ ಬಿಸಿಲು ಬೀಳುವ ಕಿಟಕಿ ಬೇಡ, ಪಾಚಿ ತುಂಬುತ್ತದೆ. ದಿನಕ್ಕೆ ಆರೇಳು ಗಂಟೆ ದೀಪದ ಬೆಳಕು ಆರಂಭಕ್ಕೆ ಸಾಕು.

• ನಲ್ಲಿ ನೀರಿನ ಕ್ಲೋರಿನ್ ಮೀನನ್ನೂ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹಾಕಿ, ಇಲ್ಲವೇ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ. ನೀರಿಗೆ ಕ್ಲೋರಮೀನ್ ಬೆರೆಸುವ ಊರುಗಳಲ್ಲಿ ತೆರೆದಿಟ್ಟರೆ ಸಾಲದು, ನಿವಾರಕವೇ ಬೇಕು.

• ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಕಾಯಿರಿ. ಅದು ಕೊಳೆತು ಬರುವ ಅಮೋನಿಯಾವೇ ಬ್ಯಾಕ್ಟೀರಿಯಾಕ್ಕೆ ಊಟ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಂಡ ಮೇಲೆ ಮೀನು ತನ್ನಿ. ಅದೂ ಮೊದಲಿಗೆ ಎರಡು ಮೂರು ಗಪ್ಪಿಯಂಥ ಪುಟ್ಟ ಮೀನು ಮಾತ್ರ.

• ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಪೂರ್ತಿ ನೀರು ಚೆಲ್ಲಿ ಕಲ್ಲು, ಸ್ಪಂಜನ್ನೆಲ್ಲ ನಲ್ಲಿಯಡಿ ತಿಕ್ಕಿ ತೊಳೆದರೆ ತಿಂಗಳಿಂದ ನೆಲೆಯೂರಿದ ಬ್ಯಾಕ್ಟೀರಿಯಾ ಹೋಗುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಸೋಪು ಎಂದಿಗೂ ಬೇಡ.

• ಸಾಕಲು ಆಗದ ಮೀನು, ಗಿಡ, ಬಸವನಹುಳುಗಳನ್ನು ಕೆರೆಗೆ ಬಿಡಬೇಡಿ. ಅಲ್ಲಿನ ಜೀವಿಗಳಿಗೆ ಅವು ಕಂಟಕವಾಗಬಹುದು.

ಹಾಗಾದರೆ ಫಾರ್ವರ್ಡ್ ನಿಜವೇ?

ಗಿಡವಿದ್ದರೆ ತೊಟ್ಟಿ ಸುಧಾರಿಸುತ್ತದೆ ಎಂಬುದು ನಿಜ. ಗಿಡ ಹಾಕಿದರೆ ಬೇರೇನೂ ಬೇಡ ಎಂಬುದು ಸುಳ್ಳು. ರಾತ್ರಿ ಗಿಡಗಳು ಆಮ್ಲಜನಕ ಹೀರಿ ಮೀನು ಕೊಲ್ಲುತ್ತವೆ ಎಂಬ ಇನ್ನೊಂದು ಮಾತೂ ಇದೆ. ಕತ್ತಲಲ್ಲಿ ಗಿಡಗಳು ಆಮ್ಲಜನಕ ಬಳಸುವುದು ಹೌದು, ಆದರೆ ಮೀನು ಕಡಿಮೆಯಿರುವ ತೊಟ್ಟಿಯಲ್ಲಿ ಅದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ತೊಟ್ಟಿಯಲ್ಲಿ ಮೀನು ಹೆಚ್ಚಾಗಿದೆ ಅಥವಾ ನೀರು ಕೆಟ್ಟಿದೆ ಎಂದು ಅನುಮಾನಿಸಿ. ಗಾಳಿಯ ಪಂಪ್ ಹಾಕಿ, ನೀರು ಪರೀಕ್ಷಿಸಿ.

ಈ ವಾರ ತೊಟ್ಟಿ ತರುವ ಯೋಚನೆಯಿದ್ದರೆ ತೊಟ್ಟಿ, ಮರಳು, ಗಿಡ ಮಾತ್ರ ತನ್ನಿ. ಮೀನು ಬೇಕೆಂದು ಮನೆಯಲ್ಲಿ ಮಕ್ಕಳು ಹಟ ಹಿಡಿದರೆ ಅವರಿಗೆ ಈ ಅಪ್ಪ-ಮಗನ ಕಥೆ ಹೇಳಿ, ದಿನವೂ ಅವರ ಕೈಯಲ್ಲೇ ಆ ಒಂದು ಚಿಟಿಕೆ ಆಹಾರ ಹಾಕಿಸಿ. ಮೀನು ಮುಂದಿನ ತಿಂಗಳು ಬರಲಿ.