ಸೂರತ್‌ನಲ್ಲಿ ದುಡಿದ ಸರ್ ಎಂ. ವಿ., ಕಾಯ್ದೆಗಳಲ್ಲಿ ಉಳಿದ ಹೆಸರು

ಸೂರತ್: ಇಚ್ಛಾನಾಥದ ಸರ್ದಾರ್ ವಲ್ಲಭಭಾಯಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯ ಮುಂದೆ ದಿನವೂ ಹಾದು ಹೋಗುವ ಕನ್ನಡಿಗರು ನಮ್ಮಲ್ಲಿ ಅನೇಕರಿದ್ದಾರೆ. 2007ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಗಳ ಕಾಯ್ದೆಯ ಅನುಸೂಚಿಯಲ್ಲಿ ಈ ಸಂಸ್ಥೆಯ ಜತೆಗೇ ಕನ್ನಡ ನಾಡಿನ ಒಬ್ಬರ ಹೆಸರೂ ಇದೆ. ಅದು ನಾಗಪುರದ ವಿಶ್ವೇಶ್ವರಯ್ಯ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ. ಆ ಮಹನೀಯರು ಸೂರತ್‌ನಲ್ಲೇ ಸರ್ಕಾರಿ ಇಂಜಿನಿಯರಾಗಿ ದುಡಿದವರೆಂಬುದು ಇಲ್ಲಿಯ ಎಷ್ಟೋ ಮಂದಿಗೆ ತಿಳಿಯದು.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1860ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಮೋಕ್ಷಗುಂಡಂ ಇಂದಿನ ಆಂಧ್ರಪ್ರದೇಶದ ಒಂದು ಹಳ್ಳಿ. ಅವರ ಪೂರ್ವಜರು ಅಲ್ಲಿಂದ ವಲಸೆ ಬಂದವರು. ಊರು ಬಿಟ್ಟರೂ ಊರ ಹೆಸರನ್ನು ಬಿಡದ ಮನೆತನ, ನಮ್ಮ ಹಾಗೆಯೇ ಎನ್ನಬಹುದು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯ ಸೈನ್ಸ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು.

ಅಂದು ಅಹಮದಾಬಾದ್, ಸೂರತ್ ಎರಡೂ ಮುಂಬಯಿ ಪ್ರಾಂತದಲ್ಲಿದ್ದವು. ವಡೋದರಾ ಮಾತ್ರ ಗಾಯಕವಾಡರ ಸಂಸ್ಥಾನ. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ನೀರು ಕೊಟ್ಟ ಕೆಲಸದಿಂದ ಹೆಸರಾದ ಅವರು 1896ರಲ್ಲಿ ಸೂರತ್‌ಗೆ ಎಕ್ಸಿಕ್ಯೂಟಿವ್ ಇಂಜಿನಿಯರಾಗಿ ಬಂದರು. ಇಲ್ಲಿದ್ದದ್ದು ಹೆಚ್ಚು ಕಾಲವಲ್ಲ. ಮುಂದೆ 1901ರಲ್ಲಿ ಇಡೀ ಪ್ರಾಂತದ ಸ್ಯಾನಿಟರಿ ಇಂಜಿನಿಯರ್ ಆದರು. 1903ರಲ್ಲಿ ಪುಣೆಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಅವರ ಕೀರ್ತಿಯನ್ನು ದೂರ ಕೊಂಡೊಯ್ದವು. ಆದರೂ ಚೀಫ್ ಇಂಜಿನಿಯರ್ ಪದವಿ ಭಾರತೀಯನಿಗೆ ದಕ್ಕುವ ಕಾಲ ಅದಾಗಿರಲಿಲ್ಲ. ಅವಧಿಗೆ ಮುನ್ನವೇ ನಿವೃತ್ತರಾಗಿ ಹೈದರಾಬಾದಿನ ಮೂಸಿ ನೆರೆ ತಡೆಯುವ ಯೋಜನೆ ರೂಪಿಸಿದರು. 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್, 1912ರಲ್ಲಿ ದಿವಾನರು.

ಕನ್ನಂಬಾಡಿಯ ಕಥೆ ಎಲ್ಲರಿಗೂ ಗೊತ್ತು, ಮತ್ತೆ ಹೇಳಬೇಕಿಲ್ಲ. ಹೆಸರಿನ ಮಾತಿಗೆ ಬಂದರೆ ಗಮನಿಸಬೇಕಾದದ್ದು ಬೇರೆ. ಅವರ ಆಡಳಿತದಲ್ಲಿ ಹುಟ್ಟಿದ ಮೈಸೂರು ಬ್ಯಾಂಕ್ (1913), ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916), ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು (1917) ಯಾವುದೂ ಆಗ ಅವರ ಹೆಸರು ಹೊತ್ತಿರಲಿಲ್ಲ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿ ಪ್ರಶ್ನೆಯಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಬಂದು 1918ರಲ್ಲಿ ಪದವಿ ಬಿಟ್ಟರು. ಆ ವಿಷಯದಲ್ಲಿ ಕಾಲ ಅವರ ಪರ ನಿಲ್ಲಲಿಲ್ಲ, ಇದನ್ನೂ ಹೇಳಲೇಬೇಕು. 1955ರಲ್ಲಿ ಭಾರತರತ್ನ. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ನಿಧನರಾದರು.

ಹೆಸರು ಬಂದದ್ದು ಆಮೇಲೆ, ಕೆಲವೆಡೆ ಶಾಸನದ ಮೂಲಕ. ಕರ್ನಾಟಕ ವಿಧಾನಮಂಡಲದ 1994ರ ಕಾಯ್ದೆಯಂತೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಬೆಳಗಾವಿಯಲ್ಲಿ ಆರಂಭವಾಯಿತು. ಅವರೇ ಕಟ್ಟಿದ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿಗೂ 2021ರಲ್ಲಿ ಅವರ ಹೆಸರಿನಲ್ಲೇ ಪ್ರತ್ಯೇಕ ಕಾಯ್ದೆಯಾಯಿತು. ಸರ್ಕಾರಿ ಆದೇಶದಿಂದ ಇಟ್ಟ ಹೆಸರನ್ನು ಇನ್ನೊಂದು ಆದೇಶ ಬದಲಿಸಬಹುದು. ಕಾಯ್ದೆಯಲ್ಲಿ ಬರೆದದ್ದನ್ನು ಬದಲಿಸಲು ಸದನವೇ ತಿದ್ದುಪಡಿ ತರಬೇಕು. ವಡೋದರಾದವರಿಗೆ ಇದು ಹೊಸತಲ್ಲ, ಅಲ್ಲಿಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ 1949ರ ಕಾಯ್ದೆಯಿಂದ ಬಂದದ್ದು.

ಸೂರತ್‌ನಲ್ಲಿ ಒಂದು ಪಾಲಿಕೆ ಕಟ್ಟಡಕ್ಕೋ ರಸ್ತೆಗೋ ಅವರ ಹೆಸರು ಕೇಳಲು ಅಷ್ಟು ದೊಡ್ಡ ಶಾಸನ ಬೇಕಿಲ್ಲ, ಪಾಲಿಕೆಯ ನಿರ್ಣಯ ಸಾಕು. ಆದರೆ ಮನವಿಯ ಜತೆ 1896ರ ಸೇವೆಯ ದಾಖಲೆ ಲಗತ್ತಿಸಬೇಕಾಗುತ್ತದೆ. ಮೂರೂ ಊರುಗಳ ಕನ್ನಡ ಸಂಘಗಳು ಬರುವ ಸೆಪ್ಟೆಂಬರ್ 15ರ ಇಂಜಿನಿಯರ್ಸ್ ದಿನಕ್ಕೆ ಮುನ್ನ ಆ ಕೆಲಸಕ್ಕೆ ಒಬ್ಬಿಬ್ಬರನ್ನು ನೇಮಿಸಬಹುದು.