ರಾಂಟ್ಜನ್ ಕಟ್ಟಿದ ಎಲ್ಲೆ

ವಿಲ್ಹೆಲ್ಮ್ ರಾಂಟ್ಜನ್ನನನ್ನು ಲೋಕವು ಕ್ಷಕಿರಣವನ್ನು ಕಂಡುಹಿಡಿದವನೆಂದು ಕೊಂಡಾಡುತ್ತದೆ. ಅದನ್ನು ಎಲ್ಲೆಯೊಳಗಿಟ್ಟು ದುಡಿಸಿದವನೆಂದು ನಾನು ಆತನನ್ನು ನೆನೆಯುತ್ತೇನೆ. 1845ರಲ್ಲಿ ಜರ್ಮನಿಯ ಲೆನ್ನೆಪ್ಪಿನಲ್ಲಿ ಹುಟ್ಟಿದ ಆತನಿಗೆ 1895ರ ನವೆಂಬರ್ 8ರಂದು ವೂರ್ಟ್ಸ್‌ಬರ್ಗಿನಲ್ಲಿ ಆ ಕಿರಣ ಗೋಚರಿಸಿತು. ಬಳಿಕ ಆತ ಸತುವಿನ ದೊಡ್ಡ ಪೆಟ್ಟಿಗೆಯೊಂದನ್ನು ಕಟ್ಟಿಸಿ, ಸೀಸವನ್ನು ಹೊದಿಸಿ, ದುಂಡನೆಯ ಕಿಂಡಿಯೊಂದರಿಂದ ಮಾತ್ರ ಕಿರಣವನ್ನು ಒಳಬಿಟ್ಟುಕೊಂಡು ಪರೀಕ್ಷಿಸಿದನು. ಕಿರಣ ತಾಗಿದ ಗಾಳಿಯೂ ಎಲ್ಲ ದಿಕ್ಕಿಗೂ ಕಿರಣವನ್ನು ಚೆಲ್ಲುವುದೆಂದು 1897ರಲ್ಲಿ ಸಾರಿದನು.

ರೋಗಿಯ ಮೈಯಿಂದ ಹೀಗೆ ಚೆದುರುವ ಕಿರಣವೇ ಚಿತ್ರವನ್ನು ಮಂಕಾಗಿಸುತ್ತದೆ. ಅದಕ್ಕೆಂದೇ ಇಂದಿಗೂ ಸೀಸದ ತಡೆಗಳಿಂದ ಕಿರಣಕ್ಕೆ ಗಡಿ ಹಾಕುತ್ತಾರೆ. ಈಗಿನ ಡಿಜಿಟಲ್ ಯಂತ್ರದಲ್ಲಿ ಆ ಗಡಿಯನ್ನು ಗಣಕವೂ ಗುರುತಿಸಬೇಕು. ಗಡಿಯ ಹೊರಗಣ ಭಾಗವನ್ನೂ ಅದು ಲೆಕ್ಕಕ್ಕೆ ಹಿಡಿದರೆ ಬೆಳಕು ನೆರಳುಗಳ ಹದ ಕೆಡುತ್ತದೆ. ಗಡಿಯನ್ನು ಒಳಕ್ಕೆ ಎಳೆದರೆ ಅಂಗದ ಅಂಚೇ ಮರೆಯಾಗುತ್ತದೆ. ಎಲುಬಿನ ಸಣ್ಣ ಬಿರುಕು ಕಣ್ತಪ್ಪಬಹುದು. ರೋಗಿ ಮತ್ತೊಮ್ಮೆ ಕಿರಣಕ್ಕೆ ಮೈಯೊಡ್ಡಬೇಕಾಗಬಹುದು.

ರಾಂಟ್ಜನ್ ತನ್ನ ಶೋಧಕ್ಕೆ ಹಕ್ಕುಪತ್ರವನ್ನು ಪಡೆಯಲಿಲ್ಲ; 1901ರ ನೊಬೆಲ್ ಬಹುಮಾನದ ಹಣವನ್ನು ತನ್ನ ವಿಶ್ವವಿದ್ಯಾಲಯಕ್ಕೆ ಕೊಟ್ಟನು; 1923ರಲ್ಲಿ ಮ್ಯೂನಿಕ್ಕಿನಲ್ಲಿ ತೀರಿಕೊಂಡನು. ಕಿರಣಕ್ಕೆ ಎಲ್ಲೆ ಕಟ್ಟಿದ ಆತ ತನ್ನ ಆಸೆಗೂ ಎಲ್ಲೆ ಕಟ್ಟಿದ್ದನೆಂಬುದೇ ನನಗೆ ಹೆಚ್ಚು ಪ್ರಿಯವಾದ ಸಂಗತಿ.